ಚಿಕಾಗೊದಿಂದ ಹುಬ್ಬಳ್ಳಿತನಕಾ ಎಕಾನಮಿಯೊಳಗ: ಬಂದವ್ರು ಅನುಭವ ಹೇಳ್ರಿ

ನವನಗರದ ಹುಡುಗ:
ಡಿಸೆಂಬರ್‌ದಾಗ ಅವ್ವನ್ನ ಕರ್ಕೊಂಡು ಚಿಕಾಗೊದಿಂದ ಮನಿಗೆ ಬರಬೇಕು. ಅಕಿಗೆ ಮೊಣಕಾಲ ನೋವು. ಗಲ್ಫ್‌ನ್ಯಾಗ ವಿಮಾನ ಬದಲಿಸಿ ಬೆಂಗಳೂರು, ಅಲ್ಲಿಂದ ಬ್ಯಾರೆ ಟಿಕೆಟ್ ತಗದು ಹುಬ್ಬಳ್ಳಿ, ಇದು ಒಂದ ದಾರಿ. ಯುರೋಪ್ ಮ್ಯಾಲಿಂದ ಹುಬ್ಬಳ್ಳಿತನಕಾ ಒಂದಽ ಟಿಕೆಟ್ ಇನ್ನೊಂದು, ಇಬ್ಬರಿಗೂ ಕೂಡಿ 240 ಡಾಲರ್ ಜಾಸ್ತಿ. ಯಾವುದು ಚಲೋ? ಸಸ್ಯಾಹಾರಿ ಊಟ ಹೆಂಗಿರ್ತೈತಿ?

ಗೋಕುಲ ರೋಡ್:
ಬ್ಯಾರೆ ಟಿಕೆಟ್ ಅನ್ನೂ ಮಾತ ಬಾಯಾಗ ತರಬ್ಯಾಡ್ರಿ. ಹೋದ ವರ್ಷ 140 ಡಾಲರ್ ಉಳೀತಂತ ಕುಣದಾಂವ ನಾ. ಅಲ್ಲಿಂದ ತಲಿಗೆ ಎರಡ ಬ್ಯಾಗ್, 23 ಕಿಲೋಂದು. ಗಲ್ಫ್ ವಿಮಾನ ಮೂರ ತಾಸ ತಡಾ ಆಗಿ ಹುಬ್ಬಳ್ಳಿ ವಿಮಾನ ಹೋಗೇಬಿಟ್ಟಿತ್ತು. 'ನೀವು ತಡಾ ಮಾಡಿದ್ರ ನಾವೇನ್ ಮಾಡೂದ್ರಿ' ಅಂದ್ರು. ಹೊಸಾ ಟಿಕೆಟ್ 7,400. ಬ್ಯಾಗ್ ತೂಕಕ್ಕ ಇಟ್ರ, ದೇಶದೊಳಗ 15 ಕಿಲೋ ಅಷ್ಟಽ ಅಂತ. ಉಳದ 31 ಕಿಲೋಕ್ಕ 600ರಂಗ 18,600 ರೂಪಾಯಿ. ರಸೀದಿ ಇನ್ನೂ ಪಾಕೀಟಿನಾಗ ಐತಿ, ನೋಡಿದಾಗೊಮ್ಮೆ ಹೊಟ್ಟಿ ಉರೀತೈತಿ. ಆ ಬ್ಯಾಗಿನಾಗ ಇದ್ದದ್ದರೆ ಏನು? ಅಳ್ಯಾನ ಬೂಟು, ಅಕ್ಕನ ಮಕ್ಕಳಿಗೆ ಚಾಕಲೇಟು, ಕಾರ್ ತೊಳಿಯೂ ಪೈಪು. ಪೈಪ್ ಇಲ್ಲಿ ನಳಕ್ಕ ಕುಂದ್ರಲೂ ಇಲ್ಲ.

ಸಾಧನಕೇರಿ ಅಕ್ಕ:
ಊಟದ ಬಗ್ಗೆ ಕೇಳ್ಯಾರ, ಯಾರೂ ಹೇಳವಲ್ರು. ನಮ್ಮನಿಯವರು ಬುಕಿಂಗ್ ಮಾಡೂಮುಂದ 'ಹಿಂದೂ ಮೀಲ್' ಅಂತ ನೋಡಿ ಖುಷಿಯಿಂದ ಒತ್ತಿಬಿಟ್ರು. ಮೂರ ತಾಸಿಗೆ ತಟ್ಟಿ ಬಂತು, ಫಾಯಿಲ್ ತಗದ್ರ ಕೋಳಿ! ವಿಮಾನದವರ ಲೆಕ್ಕದಾಗ ಹಿಂದೂ ಊಟ ಅಂದ್ರ ದನದ ಮಾಂಸ ಇಲ್ಲದ್ದು ಅಂತ, ಕೋಳಿ ಕುರಿ ಇರಬಹುದು. ನಮಗ ಬೇಕಾದದ್ದು ಎವಿಎಂಎಲ್, ಅಂದ್ರ ಏಷಿಯನ್ ವೆಜಿಟೇರಿಯನ್. ಉಳ್ಳಾಗಡ್ಡಿ ಬಳ್ಳೊಳ್ಳಿ ಬ್ಯಾಡಾದ್ರ ಜೈನ್ ಮೀಲ್ ಅದ. ಹದಿನಾಲ್ಕ ತಾಸು ನಾ ಎರಡ ಬನ್ನು, ಒಂದ ಸೇಬಿನ ಮ್ಯಾಲ ಕಳದೆ. ಗಗನಸಖಿಗೆ ಕೇಳಿದ್ರ 'ನೀವಽ ಬರಸೀರಿ' ಅಂತ ಹಾಳಿ ತೋರಿಸಿದಳು. ತಪ್ಪು ಅಕಿದಲ್ಲ ಬಿಡ್ರಿ. ಯಾರದು ಅಂತ ಮನ್ಯಾಗ ಇನ್ನೂ ತೀರ್ಮಾನ ಆಗಿಲ್ಲ.

ಸಾವಜಿ ಪ್ರೇಮಿ:
ಅಕ್ಕಾರಽ, ಆ ತಟ್ಟಿ ಹಿಂದಿನ ಸೀಟಿಗೆ ದಾಟಿಸಿಬಿಡಬೇಕಿತ್ತು. ನನಗ 'ಕೋಳಿ ಮುಗದೈತಿ' ಅಂತ ಪಾಸ್ತಾ ಕೊಟ್ಟಿದ್ರು.

ಸಾಧನಕೇರಿ ಅಕ್ಕ:
ಹಸದವರ ಮುಂದ ಚ್ಯಾಷ್ಟಿ ಮಾಡಬ್ಯಾಡ್ರಿ. ನಾ ಅವತ್ತ ಅತ್ತೇನಿ.

ರಾಣೆಬೆನ್ನೂರು:
ಯುರೋಪ್ ಮ್ಯಾಲಿಂದ ಬರ್ರಿ, ತಡಾ ಆದ್ರ ರೊಕ್ಕರೆ ಬರ್ತಾವು. ನಾ ಬದಲಿಸಿದ ಊರಿನ ಹೆಸರು ಹೇಳೂದಿಲ್ಲ, ಹೇಳಿದ್ರ ಕಂಪನಿ ಗೊತ್ತಾಗ್ತೈತಿ. ಎಂಜಿನ್‌ದಾಗ ಏನೋ ದೋಷ ಅಂತ ಐದ ತಾಸು ಒಳಗಽ ಕುಂಡ್ರಿಸಿದ್ರು. ಒಂದ ಲೋಟ ನೀರು, ಒಂದ ಬಿಸ್ಕೀಟು. ಯುರೋಪಿಯನ್ ಒಕ್ಕೂಟದ 261ನೇ ನಿಯಮ: ಅಲ್ಲಿಂದ ಹೊರಟ ವಿಮಾನ 3,500 ಕಿ.ಮೀ.ಗಿಂತ ದೂರದ್ದಿದ್ದು, ಕಂಪನಿ ತಪ್ಪಿನಿಂದ ನಾಲ್ಕ ತಾಸಿಗಿಂತ ಜಾಸ್ತಿ ತಡಾ ಮುಟ್ಟಿದ್ರ 600 ಯುರೋ. ಮೊದಲು ಅವರು 150 ಯುರೋದ ವೋಚರ್ ತೋರ್ಸಿದ್ರು, ನಾ ತಗೋಲಿಲ್ಲ. ಐದ ಪತ್ರ ಬರದೆ. ಏಳ ತಿಂಗಳಿಗೆ ರೊಕ್ಕಾ ಬಂತು, ಟಿಕೆಟ್ಟಿನ ಮುಕ್ಕಾಲ ಪಾಲು. ಗಲ್ಫ್‌ನವರ ಕಡೆ ಹೋಗಿ ಕೇಳ್ರಿ ಹಿಂಗ.

ಗೋಕುಲ ರೋಡ್:
ಅಲ್ಲೋ ಮಾರಾಯಾ, ಅವರು ಅವ್ವನ್ನ ಕರ್ಕೊಂಡು ಹೊಂಟಾರ. ಐದ ತಾಸ ಕುಂತು ರೊಕ್ಕಾ ಗಳಸಾಕ ಹೊಂಟಾರೇನು?

ರಾಣೆಬೆನ್ನೂರು:
18,600 ಕಳ್ಕೊಂಡಾವ್ರು ಗಳಿಸಿದವರಿಗೆ ಬುದ್ಧಿ ಹೇಳೂದು ನೋಡ್ರಿ.

ಗೋಕುಲ ರೋಡ್:
ನನ್ನ ರೊಕ್ಕಾ, ನಾ ಕಳ್ಕೊಂಡೇನಿ. ನಿಮ್ಮ ಮನಿ ಗಂಟೇನ್ ಹೋತು?

ಬೆಟಗೇರಿ:
ಜಗಳ ಆಮ್ಯಾಲೆ ಮಾಡ್ರಿ. ಅಪ್ಪಗ ಗಾಲಿಕುರ್ಚಿ ಹೇಳಿದ್ದೆ, ಡಬ್ಲ್ಯುಸಿಎಚ್‌ಆರ್ ಅಂತ ಬರಕೊಂಡ್ರು. ನಂತರ ತಿಳೀತು, ಅದು ಮೆಟ್ಟಲ ಏರೂವರಿಗೆ. ಮೆಟ್ಟಲ ಆಗದವರಿಗೆ ಡಬ್ಲ್ಯುಸಿಎಚ್‌ಎಸ್ ಬೇಕು. ಕಡೀ ವಿಮಾನ ಸಣ್ಣ ಎಟಿಆರ್, ಮೆಟ್ಟಲಾನಽ ಇತ್ತು. ನಾನು ಮತ್ತ ಒಬ್ಬ ಲೋಡರ್ ತಮ್ಮ ಕೂಡಿ ಹತ್ತಿಸಿದ್ವಿ. ಅಪ್ಪ ಆ ಹುಡುಗನ ಕೈಯಾಗ 500 ಇಟ್ರ ಅಂವ ತಗೋಲಿಲ್ಲ. ಅಪ್ಪನ್ನ ಸಂಭಾಳಿಸೂ ಗದ್ದಲದಾಗ ನಮ್ಮ ಬ್ಯಾಗಿನ ಗಾಲಿ ಮುರದದ್ದು ನೋಡಲೇ ಇಲ್ಲ. ಗದಗಕ್ಕ ಬಂದು ಎಂಟನೇ ದಿನಾ ಬರದೆ. ಏಳ ದಿನದೊಳಗ ಬರೀಬೇಕಂತ, ಮಾಂಟ್ರಿಯಲ್ ಒಪ್ಪಂದದಾಗ ಹಂಗ ಐತಿ, ನಮ್ಮ ದೇಶನೂ 2009ರಾಗ ಸೇರೈತಿ. ಒಂದಽ ದಿನಕ್ಕ ಹೋತು. ಬ್ಯಾಗ್ ಬಂದ ಪಟ್ಟಿ ಬಿಡೂಮೊದಲಽ ಫೋಟೋ ಹೊಡದು ಕೌಂಟರಿನಾಗ ಕಾಗದಾ ಮಾಡಿಸ್ರಿ.

ಕೇಶ್ವಾಪುರ:
ಹುಬ್ಬಳ್ಳಿಗೆ ವಿಮಾನ ಯಾಕ ಬೇಕ್ರಿ? ನಸುಕಿನ್ಯಾಗ 2ಕ್ಕ ಇಳದ್ರ 5:45ಕ್ಕ ವಂದೇ ಭಾರತ್ ಸಿಗತೈತಿ, ಊಟದ ಹೊತ್ತಿಗೆ ಮನ್ಯಾಗ. 2023ರಾಗ ಶುರು ಆದಾಗಿಂದ ನಾ ಹಂಗಽ ಬರೂದು. 15 ಕಿಲೋ ಲೆಕ್ಕಾ ಯಾರೂ ಕೇಳೂದಿಲ್ಲ.

ಬೆಟಗೇರಿ:
ವಾರದಾಗ ಆರಽ ದಿನ ಓಡತೈತಿ ಅನ್ನೂದೂ ಹೇಳ್ರಿ. ನಮ್ಮ ತಮ್ಮ ಇಲ್ಲದ ದಿನಾನಽ ಬಂದು ಸ್ಟೇಶನ್ನಿನಾಗ ಬ್ಯಾಗ್ ಮ್ಯಾಲ ಮಲಗಿದ್ದ. ನಸುಕಿನ್ಯಾಗ ವಿಮಾನ ನಿಲ್ದಾಣದಿಂದ ಸ್ಟೇಶನ್ನಿಗೆ ಟ್ಯಾಕ್ಸಿ 1,600 ಬ್ಯಾರೆ.

ಸಾವಜಿ ಪ್ರೇಮಿ:
ನಮ್ಮ ಪ್ಲಾಟ್‌ಫಾರ್ಮ್ 1,507 ಮೀಟರ್ ಅಂತ ಎದಿ ಉಬ್ಬಸ್ತೇವಿ. ಎರಡ ಬ್ಯಾಗ್ ಎಳಕೊಂಡು ಒಮ್ಮೆ ಈ ತುದಿಯಿಂದ ಆ ತುದಿಗೆ ನಡೀರಿ, ಎದಿ ಏನಾಗ್ತೈತಿ ನೋಡೂಣು.

ಕೇಶ್ವಾಪುರ:
ಬೋಗಿ ನಂಬರ್ ನೋಡಿ ನಿಂತ್ರ ನಡಿಯೂದಽ ಬ್ಯಾಡ. ಊರಿಗೆ ಬೈಯೂದು ಒಂದ ಚಟಾ ಆಗೈತಿ ಕೆಲವರಿಗೆ.

ಸಾಧನಕೇರಿ ಅಕ್ಕ:
ಅಂದಹಾಂಗ ರೈಲು ಧಾರವಾಡತನಕಾ ಹೋಗ್ತದ, ಹುಬ್ಬಳ್ಳಿಗೆ ಮುಗಿಯೂದಿಲ್ಲ.

ಕೇಶ್ವಾಪುರ:
ಆತ್ರೆವಾ, ಪೇಢೆ ತಿನ್ನಾಕ ಒಂದ ಸ್ಟೇಶನ್ ಮುಂದ ಬಿಟ್ಟಾರ.

ನವನಗರದ ಹುಡುಗ:
ಒಂದಽ ಟಿಕೆಟ್ ತಗದೆ. ಅವ್ವಗ ಡಬ್ಲ್ಯುಸಿಎಚ್‌ಎಸ್ ಗಾಲಿಕುರ್ಚಿ ಹಾಕಸೇನಿ, ಊಟ ಎವಿಎಂಎಲ್. ಅಕಿ ಆದ್ರೂ ನಂಬವಲ್ಲಳು, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟಗೊಂಡು ಬರ್ತೇನಿ ಅಂತಾಳ. ಬಿಡ್ತಾರೇನ್ರಿ?

ಬೆಟಗೇರಿ:
ರೊಟ್ಟಿ ಬಿಡ್ತಾರ. ಮೊಸರು 100 ಮಿಲಿಗಿಂತ ಜಾಸ್ತಿ ಇದ್ರ ತಪಾಸಣೆಯಾಗ ಹೋತು. ಚಟ್ನಿ ಪುಡಿ ದೊಡ್ಡ ಡಬ್ಬಿ ಆದ್ರ ಅಮೆರಿಕಾದಾಗ ತಗದು ನೋಡ್ತಾರ, ಸಣ್ಣ ಸಣ್ಣ ಪೊಟ್ಟಣಾ ಮಾಡ್ರಿ. ಹೋಗೂಮುಂದ ಒಣಕೊಬ್ಬರಿ ಮಾತ್ರ ಒಯ್ಯಬ್ಯಾಡ್ರಿ, ಬೆಂಕಿ ಹತ್ತೂ ವಸ್ತು ಅಂತ ಲೆಕ್ಕ. ನಮ್ಮವ್ವನ ಎರಡ ಕಿಲೋ ಬೆಂಗಳೂರಾಗಽ ಉಳೀತು.

ಗೋಕುಲ ರೋಡ್:
ಎರಡ ಕಿಲೋ ಅಷ್ಟಽ ಹೋತಲ್ಲಾ. ನನ್ನ ಪೈಪ್ ಯಾರಿಗರೆ ಬೇಕಾದ್ರ ಹೇಳ್ರಿ.