ಸರ್ಕಾರಿ ಪ್ರೌಢಶಾಲೆಯ ಇತಿಹಾಸವನ್ನೂ ಕ್ರೀಡಾ ದಾಖಲೆಗಳನ್ನೂ ಬರೆಯುವುದು ಹೇಗೆ?

ಬೆಟ್ಟದಸಾಲು (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಪಟ್ಟಣವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದವನು. ಹಳೆಯ ವಿದ್ಯಾರ್ಥಿಗಳ ಸಂಘವು ಶಾಲೆಯ ಬಗ್ಗೆ ಸ್ಮರಣ ಸಂಚಿಕೆಯೊಂದನ್ನು ತರಲು ತೀರ್ಮಾನಿಸಿದ್ದು, ಅದರಲ್ಲಿ ಇತಿಹಾಸ ಮತ್ತು ಕ್ರೀಡೆಯ ಭಾಗವನ್ನು ಬರೆಯುವ ಹೊಣೆಯನ್ನು ನನಗೆ ಒಪ್ಪಿಸಿದೆ. ಶಾಲೆ ಆರಂಭವಾದ ವರ್ಷವನ್ನು ಒಬ್ಬೊಬ್ಬ ಹಿರಿಯರು ಒಂದೊಂದು ರೀತಿ ಹೇಳುತ್ತಾರೆ. ಮೊದಲು ಮಾಧ್ಯಮಿಕ ಶಾಲೆಯಾಗಿದ್ದು ಅನಂತರ ಪ್ರೌಢಶಾಲೆಯಾಯಿತು ಎಂಬುದರಲ್ಲಿ ಮಾತ್ರ ಎಲ್ಲರೂ ಒಪ್ಪುತ್ತಾರೆ. ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಬೀರುವಿನಲ್ಲಿ ಹಾಕಿ ಮತ್ತು ಅಥ್ಲೆಟಿಕ್ಸ್‌ನ ಹಳೆಯ ಕಪ್‌ಗಳಿದ್ದು, ಕೆಲವುಗಳ ಮೇಲಿನ ಅಕ್ಷರಗಳು ಸವೆದುಹೋಗಿವೆ. ಗೋಡೆಯ ಮರದ ಹಲಗೆಯಲ್ಲಿ ಶಾಲಾ ದಾಖಲೆಗಳೆಂದು ಓಟದ ಸಮಯಗಳನ್ನೂ ಜಿಗಿತದ ದೂರಗಳನ್ನೂ ಬರೆಯಲಾಗಿದೆ. ನಮ್ಮ ಸೀಮೆಯಿಂದ ಒಲಿಂಪಿಕ್ಸ್‌ಗೆ ಹೋದ ಹಾಕಿ ಆಟಗಾರರೆಲ್ಲ ಇದೇ ಮೈದಾನದಲ್ಲಿ ಆಡಿದವರೆಂಬ ಮಾತೂ ಊರಿನಲ್ಲಿದೆ. ಇವೆಲ್ಲವನ್ನೂ ಯಾವ ಕ್ರಮದಲ್ಲಿ ಪರಿಶೀಲಿಸಬೇಕು, ಯಾವುದನ್ನು ಅಚ್ಚಿಗೆ ಕೊಡಬಹುದು ಎಂಬುದನ್ನು ಈ ಕೆಲಸ ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರುತ್ತೇನೆ.

ಹಳೆಯಕಡತ:
ಮಾನ್ಯರೇ, ತಾವು ಮೊದಲು ನೋಡಬೇಕಾದುದು ಶಾಲೆಯ ಪ್ರವೇಶ ದಾಖಲಾತಿ ವಹಿಯನ್ನು. ಮಗುವಿನ ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಸೇರಿದ ತರಗತಿ, ಶಾಲೆ ಬಿಟ್ಟ ದಿನ ಇವೆಲ್ಲವೂ ಒಂದೇ ಸಾಲಿನಲ್ಲಿ ಸಿಗುವ ದಾಖಲೆ ಅದೊಂದೇ. ಜನ್ಮದಿನಾಂಕದ ದೃಢೀಕರಣಕ್ಕಾಗಿ ಜನರು ಈಗಲೂ ಅದನ್ನೇ ಕೇಳಿಕೊಂಡು ಬರುವುದರಿಂದ ಬೇರೆಲ್ಲ ಕಾಗದಗಳು ಗೆದ್ದಲು ಹಿಡಿದರೂ ಅದು ಉಳಿದಿರುವ ಸಂಭವ ಹೆಚ್ಚು. ಎಂಟನೆಯ ತರಗತಿಗಿಂತ ಮೇಲಿನ ದಾಖಲಾತಿ ಯಾವ ವರ್ಷದಿಂದ ಕಾಣಿಸುತ್ತದೆಯೋ ಅದನ್ನು ಪ್ರೌಢಶಾಲೆಯ ಆರಂಭಕ್ಕೆ ಗಟ್ಟಿಯಾದ ಸುಳಿವೆಂದು ಹಿಡಿಯಬಹುದು. ಹಿರಿಯರು ಹೇಳುವ ಬೇರೆ ಬೇರೆ ವರ್ಷಗಳಲ್ಲಿ ಒಂದು ಮಾಧ್ಯಮಿಕ ಶಾಲೆಯದು, ಇನ್ನೊಂದು ಪ್ರೌಢಶಾಲೆಯದು, ಮತ್ತೊಂದು ಈಗಿನ ಕಟ್ಟಡದ್ದು ಆಗಿರಬಹುದು. ಆದ್ದರಿಂದ ಯಾರ ಮಾತನ್ನೂ ತಳ್ಳಿಹಾಕದೆ ಪ್ರತಿಯೊಂದು ವರ್ಷವನ್ನೂ ಯಾವ ಘಟನೆಗೆ ಹೇಳಿದ್ದೆಂದು ಕೇಳಿ ಬರೆದುಕೊಳ್ಳಿ.

ಕೊಡಗಿನ ಶಾಲೆಗಳ ವಿಷಯದಲ್ಲಿ ಆಡಳಿತದ ಬದಲಾವಣೆಗಳನ್ನು ಮರೆಯುವಂತಿಲ್ಲ. 1834ರಿಂದ ಬ್ರಿಟಿಷರ ಕೈಯಲ್ಲಿದ್ದ ಕೊಡಗು ಸ್ವಾತಂತ್ರ್ಯಾನಂತರ ಪ್ರತ್ಯೇಕ ರಾಜ್ಯವಾಗಿ ಉಳಿಯಿತು. 1952ರಿಂದ 1956ರವರೆಗೆ ಚೆಪ್ಪುಡಿರ ಎಂ. ಪೂಣಚ್ಚ ಅವರು ಅದರ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಹೀಗಾಗಿ 1956ಕ್ಕಿಂತ ಹಿಂದಿನ ಮಂಜೂರಾತಿ ಆದೇಶಗಳು ಕೊಡಗು ಸರ್ಕಾರದ ಕಡತಗಳಲ್ಲಿರಬೇಕೇ ಹೊರತು ಮೈಸೂರಿನ ಶಿಕ್ಷಣ ಇಲಾಖೆಯ ಕಡತಗಳಲ್ಲಿ ಹುಡುಕಿ ಫಲವಿಲ್ಲ. ವಿಲೀನದ ನಂತರದ ಕಾಲಕ್ಕೆ 1957ರಲ್ಲಿ ಮಡಿಕೇರಿಯಲ್ಲಿ ಆರಂಭವಾದ 'ಶಕ್ತಿ' ಪತ್ರಿಕೆಯ ಹಳೆಯ ಸಂಚಿಕೆಗಳು ಬಹಳ ನೆರವಾಗುತ್ತವೆ, ಏಕೆಂದರೆ ಶಾಲಾ ವಾರ್ಷಿಕೋತ್ಸವ ಮತ್ತು ಕ್ರೀಡಾಕೂಟದ ವರದಿಗೆ ಸ್ಥಳೀಯ ಪತ್ರಿಕೆ ಕೊಡುವಷ್ಟು ಜಾಗವನ್ನು ರಾಜ್ಯಮಟ್ಟದ ಪತ್ರಿಕೆಗಳು ಕೊಡುವುದಿಲ್ಲ.

ಇನ್ನು ಪ್ರಸಿದ್ಧರ ವಿಷಯ. ಒಬ್ಬರು ಹುಟ್ಟಿದ ಊರು ಅವರು ಓದಿದ ಊರೇ ಆಗಿರಬೇಕಾಗಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದವರು. ಆದರೆ ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ತಿಮ್ಮಯ್ಯನವರ ಶಾಲಾ ವಿದ್ಯಾಭ್ಯಾಸ ನಡೆದದ್ದು ಕೂನೂರು ಮತ್ತು ಬೆಂಗಳೂರಿನಲ್ಲಿ. ತಮ್ಮ ಸೀಮೆಯ ಹಾಕಿ ಆಟಗಾರರೇ ಆದ ಬಿ.ಪಿ. ಗೋವಿಂದ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಅವರ ಹೆಸರುಗಳನ್ನು ಕೂಡ ದಾಖಲಾತಿ ವಹಿಯಲ್ಲಿ ಕಂಡ ಮೇಲಷ್ಟೇ 'ನಮ್ಮ ಶಾಲೆಯ ವಿದ್ಯಾರ್ಥಿ' ಎಂದು ಬರೆಯತಕ್ಕದ್ದು. ಮೈದಾನದಲ್ಲಿ ಆಡಿದ್ದಕ್ಕೆ ಸಾಕ್ಷಿಯಿದ್ದರೆ ಅದನ್ನು ಅಷ್ಟೇ ಹೇಳಿದರೆ ಸಾಕು, ಅದೂ ಹೆಮ್ಮೆಯ ಸಂಗತಿಯೇ.

ನಿವೃತ್ತ_ದೈಹಿಕಶಿಕ್ಷಕ:
ಹಲಗೆಯ ಮೇಲಿನ ದಾಖಲೆಗಳ ಬಗ್ಗೆ ನಾನು ಹೇಳಬೇಕಾದುದು ಸ್ವಲ್ಪ ಹೆಚ್ಚಿದೆ. ಭಾರತದಲ್ಲಿ ಮೆಟ್ರಿಕ್ ಅಳತೆ ಬಂದದ್ದು 1956ರ ಕಾಯ್ದೆಯ ನಂತರ, ಅದೂ ಹಂತಹಂತವಾಗಿ. ಅದಕ್ಕೂ ಹಿಂದಿನ ಶಾಲಾ ಕೂಟಗಳು ಗಜದ ಲೆಕ್ಕದಲ್ಲಿ ನಡೆದವು. 100 ಗಜವೆಂದರೆ 91.44 ಮೀಟರ್, 440 ಗಜವೆಂದರೆ 402.34 ಮೀಟರ್, ಒಂದು ಮೈಲಿ ಓಟವು 1500 ಮೀಟರಿಗಿಂತ 109 ಮೀಟರ್ ಉದ್ದ. ಹಳೆಯ ವಿದ್ಯಾರ್ಥಿಯೊಬ್ಬ 100 ಗಜವನ್ನು 11 ಸೆಕೆಂಡಿನಲ್ಲಿ ಓಡಿದ್ದರೆ ಅದನ್ನು 100 ಮೀಟರ್ ಪಟ್ಟಿಗೆ ಸೇರಿಸಿದಾಗ ಮುಂದಿನ ತಲೆಮಾರಿನ ಮಕ್ಕಳೆಲ್ಲರಿಗೂ ಅನ್ಯಾಯವಾಗುತ್ತದೆ. ಎರಡನ್ನೂ ಬೇರೆ ಬೇರೆ ಪಟ್ಟಿಯಾಗಿಯೇ ಉಳಿಸಿ. ಸ್ಟಾಪ್‌ವಾಚ್ ಹಿಡಿದು ತೆಗೆದ ಸಮಯಕ್ಕೂ ವಿದ್ಯುನ್ಮಾನ ಯಂತ್ರದ ಸಮಯಕ್ಕೂ ವ್ಯತ್ಯಾಸವಿದ್ದು, 100 ಮತ್ತು 200 ಮೀಟರ್ ಓಟಗಳಲ್ಲಿ ಕೈಯಿಂದ ತೆಗೆದ ಸಮಯಕ್ಕೆ 0.24 ಸೆಕೆಂಡ್ ಸೇರಿಸಿ ಹೋಲಿಸುವುದು ರೂಢಿ. ಗುಂಡು ಎಸೆತದಲ್ಲಿ ದೂರದ ಜೊತೆಗೆ ಗುಂಡಿನ ತೂಕವನ್ನೂ ಬರೆಯಬೇಕು. ಹಿರಿಯ ಪುರುಷರದು 7.26 ಕೆ.ಜಿ., 18 ವರ್ಷದೊಳಗಿನ ಬಾಲಕರದು 5 ಕೆ.ಜಿ. ತೂಕ ಕಾಣಿಸದ ದೂರಕ್ಕೆ ಅರ್ಥವಿಲ್ಲ.

ನಮ್ಮ ಜಿಲ್ಲೆಯ ಶಾಲಾ ಕ್ರೀಡೆಯನ್ನು ಬರೆಯುವವರು ಮಳೆಯನ್ನೂ ಬರೆಯಲೇಬೇಕು. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮುಂಗಾರು ಹಿಡಿಯುತ್ತದೆ; ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕೂಟಗಳ ಸಿದ್ಧತೆ ನಡೆಯಬೇಕಾದದ್ದೂ ಅದೇ ಮಳೆಯಲ್ಲಿ. ಮೈಸೂರು ವಿಭಾಗದ ಬಯಲುಸೀಮೆಯ ಜಿಲ್ಲೆಗಳ ಮಕ್ಕಳು ಒಣ ನೆಲದಲ್ಲಿ ಓಡಿ ಅಭ್ಯಾಸ ಮಾಡುವಾಗ ನಮ್ಮ ಮಕ್ಕಳು ಪಾಚಿ ಕಟ್ಟಿದ ಮೈದಾನದಲ್ಲಿ ಜಾರದಂತೆ ನಿಲ್ಲುವುದನ್ನು ಕಲಿಯುತ್ತಿದ್ದರು. ಗುಡ್ಡವನ್ನು ಕಡಿದು ಸಮ ಮಾಡಿದ ಮೈದಾನಗಳಲ್ಲಿ 400 ಮೀಟರ್ ಟ್ರ್ಯಾಕ್‌ಗೆ ಜಾಗ ಸಿಗುವುದೂ ಅಪರೂಪವಾದ್ದರಿಂದ 200 ಮೀಟರಿನ ಸುತ್ತಿನಲ್ಲಿಯೇ ದೂರದ ಓಟಗಳನ್ನು ನಡೆಸುತ್ತಿದ್ದೆವು. ತಿರುವುಗಳು ಹೆಚ್ಚಾದಷ್ಟೂ ವೇಗ ಕುಗ್ಗುತ್ತದೆ. ಇಂತಹ ನೆಲದಲ್ಲಿ ಮೂಡಿದ ಸಮಯಗಳನ್ನು ಮೈದಾನದ ವಿವರಣೆಯೊಂದಿಗೆ ಅಚ್ಚು ಮಾಡುವುದು ಆ ಮಕ್ಕಳಿಗೆ ಸಲ್ಲಬೇಕಾದ ಗೌರವವೆಂದು ನಾನು ನಂಬಿದ್ದೇನೆ.

ಹಾಕಿಯಲ್ಲಿ 1976 ಒಂದು ತಿರುವು. ಆ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಹಾಕಿ ನಡೆಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಎರಡೂ ತಂಡಗಳಲ್ಲಿ ಸೋಮವಾರಪೇಟೆಯ ಗೋವಿಂದ ಅವರಿದ್ದರು. ಮುಂದೆ ಮಣ್ಣಿನ ಮೈದಾನವಷ್ಟೇ ಇರುವ ಶಾಲೆಯಿಂದ ಮೇಲಕ್ಕೇರುವ ದಾರಿ ಕಿರಿದಾಗುತ್ತ ಬಂತು, ಚುರುಕಾದ ಮಕ್ಕಳು ಕೂಡಿಗೆಯ ಕ್ರೀಡಾಶಾಲೆಗೋ ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯಕ್ಕೋ ಆಯ್ಕೆಯಾಗಿ ಹೋಗತೊಡಗಿದರು. ಬೀರುವಿನಲ್ಲಿರುವ ಕಪ್‌ಗಳು ಒಂದು ಕಾಲದ ನಂತರ ವಿರಳವಾಗಿದ್ದರೆ ಶಾಲೆಯಲ್ಲಿ ಆಟ ಸೊರಗಿತೆಂದು ಅವಸರದಲ್ಲಿ ಬರೆಯಬೇಡಿ. ಹಾಗೆ ಹೋದ ಮಕ್ಕಳ ಹೆಸರು ವರ್ಗಾವಣೆ ಪತ್ರದ ಪ್ರತಿಗಳಲ್ಲಿ ಸಿಗುತ್ತದೆ. ಅವರಿಗೆ ಮೊದಲು ಕೋಲು ಹಿಡಿಸಿದ್ದು ತಮ್ಮ ಶಾಲೆಯೇ. ಒಂದು ಎಚ್ಚರಿಕೆಯ ಮಾತು: 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿ 2024ರ ವೇಳೆಗೆ 360 ತಂಡಗಳಿಗೆ ಬೆಳೆದ ಕೊಡವ ಕೌಟುಂಬಿಕ ಹಾಕಿ ಉತ್ಸವವು ಶಾಲಾ ಹಾಕಿಗಿಂತ ಬೇರೆ. ಬೇಸಿಗೆ ರಜೆಯ ಆ ಪಂದ್ಯಗಳ ಗೆಲುವನ್ನು ಶಾಲೆಯ ಲೆಕ್ಕಕ್ಕೆ ಬರೆಯಬಾರದು.

ಕಕ್ಕಬ್ಬೆ_ಓದುಗಿ:
ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮದುವೆಯ ನಂತರ ಕೊಡವ ಹೆಣ್ಣುಮಗಳ ಮನೆತನದ ಹೆಸರು ಬದಲಾಗುವುದರಿಂದ ಈಗಿನ ಹೆಸರನ್ನು ಹಿಡಿದು ದಾಖಲಾತಿ ವಹಿಯಲ್ಲಿ ಹುಡುಕಿದರೆ ಅವರು ಸಿಗುವುದಿಲ್ಲ. ತವರಿನ ಮನೆತನ, ತಂದೆಯ ಹೆಸರು ಮತ್ತು ಹತ್ತನೆಯ ತರಗತಿ ಮುಗಿಸಿದ ವರ್ಷ ಈ ಮೂರನ್ನೂ ಕೇಳಿಕೊಂಡು ಹೋಗಬೇಕು. ಅಶ್ವಿನಿ ನಾಚಪ್ಪ, ಪ್ರಮೀಳಾ ಅಯ್ಯಪ್ಪ, ಎಂ.ಆರ್. ಪೂವಮ್ಮ ಅವರಂತಹ ಅಥ್ಲೀಟ್‌ಗಳನ್ನು ಕೊಟ್ಟ ಜಿಲ್ಲೆಯಲ್ಲಿ ಶಾಲಾ ಸಂಚಿಕೆಗಳ ಕ್ರೀಡಾ ಪುಟಗಳು ಗಂಡುಮಕ್ಕಳ ಹಾಕಿ ತಂಡದ ಚಿತ್ರದಿಂದಲೇ ತುಂಬಿರುವುದನ್ನು ಕಂಡು ನನಗೆ ಬೇಸರವಾಗಿದೆ. ಹಾಗೆಯೇ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಿಂದ ಬಂದು ಒಂದೆರಡು ವರ್ಷ ಓದಿ, ತಂದೆತಾಯಿ ಬೇರೆ ತೋಟಕ್ಕೆ ಹೋದಾಗ ಶಾಲೆ ಬಿಟ್ಟ ಮಕ್ಕಳಿದ್ದಾರೆ. ರಿಲೇ ತಂಡದ ನಾಲ್ವರಲ್ಲಿ ಮೂವರ ಹೆಸರು ಎಲ್ಲರಿಗೂ ನೆನಪಿದ್ದು ನಾಲ್ಕನೆಯವರು ಯಾರಿಗೂ ನೆನಪಿಲ್ಲವೆಂದಾದರೆ ಆ ವರ್ಷ ಶಾಲೆ ಬಿಟ್ಟವರ ಪಟ್ಟಿಯನ್ನು ತಪ್ಪದೆ ನೋಡಿ.

ಬೆಟ್ಟದಸಾಲು:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾಖಲಾತಿ ವಹಿಯನ್ನು ನೋಡಲು ಮುಖ್ಯೋಪಾಧ್ಯಾಯರ ಅನುಮತಿ ಕೇಳುತ್ತೇನೆ. ಹಲಗೆಯಲ್ಲಿ 'ಗಜ' ಎಂದೂ 'ಮೀ.' ಎಂದೂ ಬರೆಯದೆ ಬರಿಯ '100' ಎಂದಿರುವ ಸಾಲುಗಳೂ ಇವೆ. ಅವುಗಳನ್ನು ಏನು ಮಾಡಬೇಕು?

ನಿವೃತ್ತ_ದೈಹಿಕಶಿಕ್ಷಕ:
ಅದೇ ವರ್ಷದ ಉದ್ದ ಜಿಗಿತದ ಸಾಲನ್ನು ನೋಡಿ. ಅದು ಅಡಿ-ಅಂಗುಲದಲ್ಲಿದ್ದರೆ ಓಟವೂ ಗಜದ್ದಾಗಿರುವ ಸಂಭವ ಹೆಚ್ಚು. ಅದರಿಂದಲೂ ತಿಳಿಯದಿದ್ದರೆ ಹಲಗೆಯಲ್ಲಿರುವಂತೆಯೇ ಅಚ್ಚು ಮಾಡಿ, ಅಳತೆ ನಮೂದಾಗಿಲ್ಲವೆಂದು ಅದರ ಪಕ್ಕದಲ್ಲೇ ಬರೆಯಿರಿ. ಹಲಗೆಗೆ ಹೊಸ ಬಣ್ಣ ಬಳಿಯುವ ಯೋಚನೆ ಯಾರಿಗಾದರೂ ಇದ್ದರೆ ಪ್ರತಿಯೊಂದು ಸಾಲಿನ ಛಾಯಾಚಿತ್ರ ತೆಗೆಯುವವರೆಗೆ ಅದನ್ನು ತಡೆಯಿರಿ.