ದಿನಾ ಬೆಳಗ್ಗೆ 2015ಕ್ಕೆ ಹೋಗುವ ಬಿಲ್ಲಿಂಗ್ ಕಂಪ್ಯೂಟರ್

ಪ್ರಶ್ನೆ: ಸರ್, ನಮ್ಮದು ಮೆಡಿಕಲ್ ಸ್ಟೋರ್. ಬಿಲ್ಲಿಂಗ್ ಕಂಪ್ಯೂಟರ್ ಬೆಳಗ್ಗೆ ಆನ್ ಮಾಡಿದರೆ 2015ರ ಜನವರಿ 1 ಅಂತ ತೋರಿಸುತ್ತದೆ. ಕೈಯಲ್ಲಿ ತಿದ್ದಿದರೆ ರಾತ್ರಿವರೆಗೂ ಸರಿ ಇರುತ್ತದೆ. ವಿಂಡೋಸ್ 10. ‘ಸೆಟ್ ಟೈಮ್ ಆಟೊಮ್ಯಾಟಿಕಲಿ’ ಆನ್ ಇದೆ, ನೆಟ್ಟೂ ಇದೆ. ಆದರೂ ತಾನಾಗಿ ಯಾಕೆ ಸರಿಹೋಗಲ್ಲ?

ಉತ್ತರ: ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚೇ ಆಫ್ ಮಾಡುತ್ತೀರಿ, ಅಲ್ವಾ? ಹಾಗಿದ್ದರೆ ಮದರ್‌ಬೋರ್ಡ್ ಮೇಲಿನ ಸೆಲ್ ಹೋಗಿದೆ. ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರ ಓಡುವುದು ಆ ಸೆಲ್ಲಿಂದಲೇ. ಹೆಚ್ಚಿನ ಬೋರ್ಡ್‌ಗಳಲ್ಲಿ ಅದು ಸಿಆರ್ 2032, ನಾಣ್ಯದಷ್ಟಗಲದ 3 ವೋಲ್ಟ್ ಸೆಲ್. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ಇನ್ನು ನೆಟ್ಟಿನ ವಿಷಯ. ನೆಟ್ಟಿನಲ್ಲಿ ಸಮಯ ಕೊಡುವ ಸರ್ವರ್ (ದೂರದ ಕಂಪ್ಯೂಟರ್) ಹೇಳುವ ಸಮಯಕ್ಕೂ ತನ್ನದಕ್ಕೂ 15 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ವಿಂಡೋಸ್ ಮುಟ್ಟುವುದೇ ಇಲ್ಲ. ಕೆಟ್ಟ ಸರ್ವರ್ ಮಾತು ಕೇಳಿ ತಾರೀಕು ಹಾಳಾಗಬಾರದು ಅನ್ನೋ ಎಚ್ಚರಿಕೆ ಅದು. ನಿಮ್ಮಲ್ಲಿ ವರ್ಷಗಟ್ಟಲೆ ವ್ಯತ್ಯಾಸ. ಸಮಯ ಹೊಂದಿಸುವ ‘ಸಿಂಕ್ ನೌ’ ಗುಂಡಿ ಒತ್ತಿದರೂ ಫೇಲ್ ಅನ್ನಬಹುದು. ಮೊದಲು ತಾರೀಕು, ಗಂಟೆ ಕೈಯಲ್ಲಿ ಹಾಕಿ, ಆಮೇಲೆ ಸಿಂಕ್ ಮಾಡಿ. ಬ್ರೌಸರಿನಲ್ಲಿ ಬ್ಯಾಂಕ್ ಸೈಟ್ ತೆರೆಯದೆ ತೊಂದರೆ ಕೊಡುತ್ತಿದ್ದರೆ ಅದಕ್ಕೂ ಇದೇ ಕಾರಣ. 2015ರಲ್ಲಿ ಕೂತು ನೋಡಿದರೆ ಸೈಟ್ ಅಸಲಿ ಅಂತ ತೋರಿಸುವ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಲ್ಲ!

ಪ್ರಶ್ನೆ: ಸೆಲ್ ಹಾಕಿಸಿದೆ ಸರ್, ತಾರೀಕು ಈಗ ಸರಿಯಾಗಿ ಉಳಿಯುತ್ತಿದೆ. ಆದರೆ ಫೋನಿಗೆ ಹೋಲಿಸಿದರೆ ಕೆಲವು ಸೆಕೆಂಡು ಹಿಂದೆ ಇದೆ. ಸೆಲ್ಲೇ ಡೂಪ್ಲಿಕೇಟಾ?

ಉತ್ತರ: ಸೆಲ್ಲಿನ ತಪ್ಪಲ್ಲ. ಆ ಗಡಿಯಾರದ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಕಂಪಿಸಬೇಕು. ಹತ್ತು ಲಕ್ಷಕ್ಕೆ 20ರಷ್ಟು ಆಚೀಚೆ ಆದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಹತ್ತಿರಹತ್ತಿರ ಒಂದು ನಿಮಿಷ. ಅದನ್ನು ಸರಿದೂಗಿಸೋಕೇ ಎನ್‌ಟಿಪಿ, ಅಂದರೆ ನೆಟ್ ಮೂಲಕ ಸಮಯ ಹೊಂದಿಸುವ ಪದ್ಧತಿ, ಇರುವುದು. ಕಂಪ್ಯೂಟರ್ ಸರ್ವರನ್ನು ಸಮಯ ಕೇಳುತ್ತದೆ. ಪ್ರಶ್ನೆ ಹೋಗಿ ಉತ್ತರ ಬರೋಕೆ 40 ಮಿಲಿಸೆಕೆಂಡು ಹಿಡಿದರೆ, ಬರುವ ದಾರಿಗೆ ಅರ್ಧ, ಅಂದರೆ 20 ಅಂತ ಲೆಕ್ಕ ಹಿಡಿದು ಸೇರಿಸಿಕೊಳ್ಳುತ್ತದೆ. ನೆಟ್ ನಿಧಾನ ಇದ್ದರೂ ಸಮಯ ಕೆಡದಿರೋದು ಹೀಗೆ.

ಕಂಟ್ರೋಲ್ ಪ್ಯಾನಲ್‌ನ ‘ಡೇಟ್ ಅಂಡ್ ಟೈಮ್’ನಲ್ಲಿ ‘ಇಂಟರ್ನೆಟ್ ಟೈಮ್’ ಟ್ಯಾಬ್ ಇದೆ. ಅಲ್ಲಿ ಸರ್ವರ್ ಹೆಸರು ‘ಇನ್ ಡಾಟ್ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್’ ಅಂತ ಹಾಕಿ ನೋಡಿ. ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ‘ಡಾಟ್’ ಅಂದಲ್ಲಿ ಬರೀ ಚುಕ್ಕೆ. ಆಗಲೂ ಸಿಂಕ್ ಆಗದಿದ್ದರೆ ರೂಟರ್ ಅಥವಾ ಫೈರ್‌ವಾಲ್ ಯುಡಿಪಿ 123ನೇ ಪೋರ್ಟ್ (ಎನ್‌ಟಿಪಿ ಸಂದೇಶ ಓಡಾಡುವ ದಾರಿ) ತಡೆದಿದೆಯಾ ನೋಡಿಸಿ.

ಇನ್ನೊಬ್ಬರ ಪ್ರಶ್ನೆ: ನನ್ನ ಲ್ಯಾಪ್‌ಟಾಪಲ್ಲಿ ಉಬುಂಟು, ವಿಂಡೋಸ್ ಎರಡೂ ಇವೆ. ಉಬುಂಟು ಬಳಸಿ ವಿಂಡೋಸ್‌ಗೆ ಬಂದಾಗಲೆಲ್ಲ ಸಮಯ ಐದೂವರೆ ಗಂಟೆ ಹಿಂದೆ. ನನ್ನದೂ ಸೆಲ್ ಇರಬಹುದಾ?

ಉತ್ತರ: ಸುಮ್ನೆ ಬಿಚ್ಚಬೇಡಿ. ಸರಿಯಾಗಿ ಐದೂವರೆ ಗಂಟೆ ಅಂದರೆ ಅದು ನಮಗೂ ಯುಟಿಸಿಗೂ (ಜಗತ್ತಿಗೆಲ್ಲ ಮೂಲವಾದ ಸಮಯ) ಇರುವ ವ್ಯತ್ಯಾಸ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ (ಉಬುಂಟು ಅದರದೇ ಒಂದು ಬಗೆ) ಯುಟಿಸಿ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಂಡು ಓದುತ್ತದೆ. ಉಬುಂಟು ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಅಂತ, ಇದನ್ನೂ ಇಂಗ್ಲಿಷಿನಲ್ಲೇ, ಕೊಟ್ಟರೆ ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ. ಉಬುಂಟು ಒಂದು ಎಚ್ಚರಿಕೆ ತೋರಿಸುತ್ತದೆ. ಬೇಸಿಗೆ ಸಮಯ ಅಂತ ಗಡಿಯಾರ ಹಿಂದೆಮುಂದೆ ಮಾಡುವ ದೇಶಗಳಲ್ಲಿ ಅದು ಮುಖ್ಯ, ನಮಗೆ ಆ ತಲೆನೋವಿಲ್ಲ.