ರಾಜಕಾಲುವೆಯ ಹೂಳು ಮತ್ತು ನಿರ್ವಹಣೆಯ ಹಣ: ಭಾನುವಾರದ ಸಭೆಗೆ ಮುನ್ನ ಒಂದು ಚರ್ಚೆ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಕಳೆದ ವಾರದ ಮಳೆಗೆ ಮೈಸೂರಿನ ನಮ್ಮ ಬಡಾವಣೆಯ ಕೊನೆಯ ಎರಡು ಅಡ್ಡರಸ್ತೆಗಳ ಮನೆಗಳಿಗೆ ರಾಜಕಾಲುವೆಯ ನೀರು ನುಗ್ಗಿದ ವಿಷಯ ನಿಮಗೆಲ್ಲ ತಿಳಿದೇ ಇದೆ. ಭಾನುವಾರ ಸಭೆ ಸೇರುವುದಕ್ಕೆ ಮುಂಚೆ, ನಾವು ಯಾರನ್ನು ಕೇಳಬೇಕು, ಏನನ್ನು ಕೇಳಬೇಕು, ಅದಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ಮೂರು ಪ್ರಶ್ನೆಗಳನ್ನು ಇಲ್ಲೇ ಚರ್ಚಿಸಿಕೊಂಡರೆ ಸಭೆಯಲ್ಲಿ ಹೊತ್ತು ಉಳಿಯುತ್ತದೆ. ಸಂಘದ ಕಡತದಲ್ಲಿರುವ ಹಳೆಯ ಮನವಿಗಳನ್ನು ತೆಗೆದು ಓದಿದೆ. ಎಲ್ಲದರಲ್ಲೂ ‘ಶಾಶ್ವತ ಪರಿಹಾರ’ ಎಂಬ ಮಾತಿದೆ, ಹೂಳೆತ್ತುವ ಮಾತು ಒಂದರಲ್ಲೂ ಇಲ್ಲ. ನೀರು ನುಗ್ಗಿದ ವಿಡಿಯೊಗಳನ್ನು ಈಗಾಗಲೇ ಎಲ್ಲರೂ ನೋಡಿರುವುದರಿಂದ ದಯವಿಟ್ಟು ಅವನ್ನು ಮತ್ತೆ ಹಾಕದೆ, ವಿಷಯವನ್ನು ಮಾತ್ರ ಬರೆಯಬೇಕಾಗಿ ವಿನಂತಿ.

ಕೊನೆಯ ಅಡ್ಡರಸ್ತೆಯ ನಿವಾಸಿ:
ಕಾರ್ಯದರ್ಶಿಗಳೇ, ನಮ್ಮ ಮನೆಯ ನಡುಮನೆಯಲ್ಲಿ ಮೊಣಕಾಲು ಮಟ್ಟದ ನೀರಿತ್ತು, ಅದರಲ್ಲಿ ಅರ್ಧ ಒಳಚರಂಡಿಯದು. ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವೂ ಹೋದವು. ನಮಗೆ ಬೇಕಾದದ್ದು ಕಾಲುವೆಯ ಎರಡೂ ಬದಿಗೆ ಎತ್ತರದ ತಡೆಗೋಡೆ. ಹೂಳೆತ್ತಿದರೆ ಸಾಕು ಎಂದು ಮೇಲಿನ ಅಡ್ಡರಸ್ತೆಯವರು ಹೇಳುವುದು ಸುಲಭ, ಏಕೆಂದರೆ ಅವರ ಮನೆಗೆ ನೀರು ಬರುವುದಿಲ್ಲ.

ನಿವೃತ್ತ ಎಂಜಿನಿಯರ್, ಎರಡನೇ ಅಡ್ಡರಸ್ತೆ:
ಅಮ್ಮ, ನಿಮ್ಮ ಸಂಕಟ ನ್ಯಾಯವಾದದ್ದು. ತಡೆಗೋಡೆ ಬೇಡವೆಂದು ನಾನೂ ಹೇಳುವುದಿಲ್ಲ. ಅದನ್ನು ಮೊದಲು ಕೇಳಬಾರದು ಎಂಬುದಷ್ಟೇ ನನ್ನ ವಾದ, ಮತ್ತು ಅದಕ್ಕೆ ಕಾರಣ ಲೆಕ್ಕದಲ್ಲಿದೆ.

ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಸಾವಿರ ಲೀಟರ್ ನೀರು. ನೂರು ಎಕರೆ, ಅಂದರೆ ಸುಮಾರು 40 ಹೆಕ್ಟೇರ್ ನೆಲದ ನೀರು ಒಂದು ಕಾಲುವೆಗೆ ಬರುತ್ತದೆಂದೂ, ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಮಳೆ ಹೊಯ್ಯುತ್ತಿದೆಯೆಂದೂ ಇಟ್ಟುಕೊಳ್ಳೋಣ. ಆ ನೆಲ ರಾಗಿ, ಹುರುಳಿ ಬೆಳೆಯುವ ಹೊಲವಾಗಿದ್ದಾಗ ಬಿದ್ದ ಮಳೆಯಲ್ಲಿ ಹತ್ತಕ್ಕೆ ಮೂರು ಪಾಲು ಹರಿದು ಬರುತ್ತಿತ್ತೆಂದರೂ ಕಾಲುವೆ ಸೆಕೆಂಡಿಗೆ 2,000 ಲೀಟರ್ ಹೊರಬೇಕಾಗಿತ್ತು. ಅದೇ ನೆಲಕ್ಕೆ ಡಾಂಬರು, ಕಾಂಕ್ರೀಟು, ಅಂಗಳದ ಟೈಲ್ಸ್ ಬಂದು ಏಳು ಪಾಲು ಹರಿಯತೊಡಗಿದ ಮೇಲೆ ಹೊರೆ ಸೆಕೆಂಡಿಗೆ ಸುಮಾರು 4,700 ಲೀಟರ್‌ಗೆ ಏರುತ್ತದೆ. ಮಳೆ ಹೆಚ್ಚಾಗದಿದ್ದರೂ ನೀರು ಎರಡು ಪಟ್ಟು ಮೀರಿತು. ಇನ್ನೊಂದು ಕಡೆ, ಕಾಲುವೆಯ ಅರ್ಧ ಆಳಕ್ಕೆ ಹೂಳು ಕುಳಿತರೆ ಅದು ನೀರು ಸಾಗಿಸುವ ಶಕ್ತಿ ಅರ್ಧಕ್ಕೆ ನಿಲ್ಲುವುದಿಲ್ಲ, ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆಳ ಕಡಿಮೆಯಾದಂತೆ ಹರಿವಿನ ವೇಗವೂ ಕುಗ್ಗುವುದೇ ಇದಕ್ಕೆ ಕಾರಣ. ಜೊಂಡು ಬೆಳೆದರೆ ವೇಗ ಇನ್ನೂ ತಗ್ಗಿ, ಆ ನಿಧಾನದ ನೀರು ಮತ್ತಷ್ಟು ಹೂಳನ್ನು ಅಲ್ಲೇ ಇಳಿಸುತ್ತದೆ.

ಈಗ ತಡೆಗೋಡೆಯ ವಿಷಯ. ನಮ್ಮ ಬಡಾವಣೆಯ ಕೆಳಗೆ ರಸ್ತೆಯ ಅಡಿಯಲ್ಲಿರುವ ಅಡ್ಡಮೋರಿಯನ್ನು ಅಗಲ ಮಾಡದೆ, ಅದರ ಬಾಯಿಗೆ ಅಡ್ಡಲಾಗಿ ಹಾದಿರುವ ನೀರಿನ ಪೈಪನ್ನು ಎತ್ತರಿಸದೆ, ಎರಡು ಬದಿಗೆ ಗೋಡೆ ಕಟ್ಟಿದರೆ ಕಾಲುವೆಯ ನೀರು ಗೋಡೆಯ ನಡುವೆ ಏರಿ ನಿಲ್ಲುತ್ತದೆ. ಆಗ ನಮ್ಮ ರಸ್ತೆಗಳ ಚರಂಡಿಗಳು ಕಾಲುವೆಗೆ ಇಳಿಯಲಾರದೆ, ಆ ನೀರು ಗೋಡೆಯ ಈಚೆಗೆ, ನಿಮ್ಮದೇ ಮನೆಯ ಮುಂದೆ ನಿಲ್ಲುತ್ತದೆ. ಮ್ಯಾನ್‌ಹೋಲುಗಳು ಉಕ್ಕುವುದಕ್ಕೂ ಗೋಡೆ ಔಷಧಿಯಲ್ಲ. ಕಾಲುವೆಯ ಅಂಗಳದಲ್ಲೇ ಒಳಚರಂಡಿ ಕೊಳವೆ ಹಾಕಿರುವ ಕಡೆ, ಕಾಲುವೆ ತುಂಬಿದಾಗ ಮ್ಯಾನ್‌ಹೋಲ್ ಮುಳುಗಿ ಮಳೆನೀರು ಕೊಳವೆಯೊಳಗೆ ಹೋಗುತ್ತದೆ, ತಗ್ಗಿನ ಮನೆಗಳ ಬಚ್ಚಲಿನಲ್ಲಿ ಅದು ಮೇಲಕ್ಕೆ ಬರುತ್ತದೆ. ಹಾಗಾಗಿ ಮೊದಲು ಹೂಳು ಮತ್ತು ಅಡ್ಡಮೋರಿ, ಆಮೇಲೆ ಮ್ಯಾನ್‌ಹೋಲಿನ ಮುಚ್ಚಳ ಬಿಗಿ ಮಾಡಿ ಎತ್ತರಿಸುವುದು, ಕೊನೆಗೆ ಗೋಡೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಹೂಳೆತ್ತುವ ಕೆಲಸ ಎಲ್ಲ ಕಡೆ ಜೂನ್ ತಿಂಗಳ ಮುಂಗಾರನ್ನು ಕಣ್ಣಮುಂದಿಟ್ಟುಕೊಂಡು ನಡೆಯುತ್ತದೆ. ಮೈಸೂರಿನ ಮಳೆಯ ಸ್ವಭಾವವೇ ಬೇರೆ. ನಮಗೆ ಹೆಚ್ಚು ಮಳೆ ತರುವ ತಿಂಗಳುಗಳು ಮೇ ಮತ್ತು ಅಕ್ಟೋಬರ್. ಗುಡುಗಿನ ಮಳೆ ಒಂದೆರಡು ಗಂಟೆಯಲ್ಲಿ ಸುರಿದು ಮುಗಿಯುತ್ತದೆ. ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದದ್ದು 2021ರ ಅಕ್ಟೋಬರ್‌ನಲ್ಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ನಗರ ಪ್ರವಾಹದ ಬಗ್ಗೆ 2010ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ದೊಡ್ಡ ಚರಂಡಿಗಳ ಹೂಳನ್ನು ಪ್ರತಿವರ್ಷ ಮಾರ್ಚ್ 31ರೊಳಗೆ ತೆಗೆದು ಮುಗಿಸಬೇಕೆಂದು ಹೇಳಿದೆ. ಮೇ ತಿಂಗಳ ಮಳೆಗೆ ಆ ದಿನಾಂಕ ಸರಿಹೊಂದುತ್ತದೆ. ಅಕ್ಟೋಬರ್‌ಗಾಗಿ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತು ಬೇಕೇ ಬೇಕು. ವರ್ಷಕ್ಕೆ ಎರಡು ಸಲ ಎಂದು ನಮ್ಮ ಮನವಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ನಾಲ್ಕನೇ ಅಡ್ಡರಸ್ತೆಯ ಯುವಕ:
ಸರ್, ಅಷ್ಟೆಲ್ಲ ಕಾಯುವುದಕ್ಕಿಂತ ಭಾನುವಾರ ಬೆಳಿಗ್ಗೆ ನಾವೇ ಸೇರಿ ಶ್ರಮದಾನ ಮಾಡಬಹುದಲ್ಲವೇ? ಐವತ್ತು ಜನ ಗುದ್ದಲಿ, ಬಾಂಡ್ಲಿ ಹಿಡಿದರೆ ಒಂದು ಭಾಗವಾದರೂ ಸ್ವಚ್ಛವಾಗುತ್ತದೆ.

ನಿವೃತ್ತ ಎಂಜಿನಿಯರ್, ಎರಡನೇ ಅಡ್ಡರಸ್ತೆ:
ಉತ್ಸಾಹ ಒಳ್ಳೆಯದು, ಆದರೆ ಬೇಡ. ಅದರಲ್ಲಿ ಒಳಚರಂಡಿಯ ನೀರು ಸೇರಿದೆ, ಗಾಜಿನ ಚೂರಿದೆ, ಹೂಳಿನಡಿ ಎಷ್ಟು ಆಳವಿದೆಯೆಂದು ಮೇಲಿನಿಂದ ಕಾಣುವುದಿಲ್ಲ. ಒಳಚರಂಡಿಯೊಳಗೆ ಮನುಷ್ಯರನ್ನು ಇಳಿಸಿ ಅಪಾಯಕಾರಿಯಾಗಿ ಸ್ವಚ್ಛಗೊಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿರುವಾಗ ನಾವು ಹುಡುಗರನ್ನು ಈ ಕೊಳಕಿಗೆ ಇಳಿಸುವುದು ತರವಲ್ಲ. ಇದು ಹಿಟಾಚಿ ಮತ್ತು ಟಿಪ್ಪರ್‌ನ ಕೆಲಸ. ನಿಮ್ಮ ಐವತ್ತು ಜನ ರಸ್ತೆಬದಿಯ ಚರಂಡಿಗಳ ಜಾಲರಿಗೆ ಸಿಕ್ಕಿದ ಪ್ಲಾಸ್ಟಿಕ್ ತೆಗೆದರೆ ಅದೇ ದೊಡ್ಡ ಉಪಕಾರ.

ಲೆಕ್ಕಪರಿಶೋಧಕ, ಐದನೇ ಅಡ್ಡರಸ್ತೆ:
ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ‘ಅನುದಾನವಿಲ್ಲ’ ಎಂಬ ಉತ್ತರವನ್ನು ನಾವು ಹಾಗೆಯೇ ನಂಬಿ ಬರುತ್ತಿದ್ದೇವೆ. ಅನುದಾನ ಇರುವ ಬಾಗಿಲುಗಳು ಬೇರೆ, ನಾವು ತಟ್ಟುತ್ತಿರುವ ಬಾಗಿಲುಗಳು ಬೇರೆ.

ಮೊದಲನೆಯದಾಗಿ ಕೇಂದ್ರದ ಯೋಜನೆಗಳು. ನಗರಗಳ ಮೂಲಸೌಕರ್ಯಕ್ಕೆಂದು ಬಂದ 2015ರ ಅಮೃತ್ ಯೋಜನೆಯಲ್ಲಿ ಮಳೆನೀರು ಚರಂಡಿಗಳು ಒಂದು ಅಂಗವಾಗಿದ್ದವು. 2021ರಲ್ಲಿ ಬಂದ ಅಮೃತ್ 2.0 ಕುಡಿಯುವ ನೀರು, ಒಳಚರಂಡಿ ಮತ್ತು ಜಲಮೂಲಗಳ ಪುನರುಜ್ಜೀವನದ ಕಡೆಗೆ ವಾಲಿತು. 15ನೇ ಹಣಕಾಸು ಆಯೋಗ ನಗರ ಪ್ರವಾಹ ತಡೆಗಾಗಿ ಏಳು ಮಹಾನಗರಗಳಿಗೆ 2,500 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಮುಂಬೈ, ಚೆನ್ನೈ, ಕೋಲ್ಕತ್ತಗಳಿಗೆ ತಲಾ 500 ಕೋಟಿ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗಳಿಗೆ ತಲಾ 250 ಕೋಟಿ. ಆ ಪಟ್ಟಿಯಲ್ಲಿ ಮೈಸೂರಿಲ್ಲ. 2011ರ ಜನಗಣತಿಯಲ್ಲಿ ನಮ್ಮ ನಗರ ಹತ್ತು ಲಕ್ಷದ ಗೆರೆಯನ್ನು ಸ್ವಲ್ಪದರಲ್ಲೇ ಮುಟ್ಟಲಿಲ್ಲವಾದ್ದರಿಂದ ಆಯೋಗದ ಸಾಮಾನ್ಯ ಅನುದಾನದಲ್ಲೂ ನಾವು ಸಣ್ಣ ನಗರಗಳ ಸಾಲಿಗೇ ಸೇರಿದೆವು. ಆ ಸಾಲಿನ ನಗರಗಳಿಗೆ 2021ರಿಂದ 2026ರ ಅವಧಿಯಲ್ಲಿ ಬಂದ ಹಣದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟುಹಾಕಿದ್ದು. ಸ್ಥಳೀಯ ಅಗತ್ಯಕ್ಕೆ ಬಳಸಬಹುದಾದದ್ದು ಉಳಿದ ಶೇ 40 ಮಾತ್ರ, ಅದಕ್ಕೆ ರಸ್ತೆ, ದೀಪ, ಉದ್ಯಾನ ಎಲ್ಲವೂ ಪೈಪೋಟಿ ಮಾಡುತ್ತವೆ. ಅನುದಾನಗಳ ಆಟದಲ್ಲಿ ರಸ್ತೆ ಯಾವಾಗಲೂ ಗೆಲ್ಲುತ್ತದೆ, ಏಕೆಂದರೆ ಡಾಂಬರು ಹಾಕಿದ್ದು ಎಲ್ಲರಿಗೂ ಕಾಣುತ್ತದೆ, ಹೂಳು ತೆಗೆದದ್ದು ಯಾರಿಗೂ ಕಾಣುವುದಿಲ್ಲ.

ಎರಡನೆಯದು ವಿಪತ್ತು ನಿಧಿ. ರಾಜ್ಯಕ್ಕೆ ಬರುವ ವಿಪತ್ತು ನಿರ್ವಹಣೆಯ ಹಣದಲ್ಲಿ ಶೇ 80 ಪರಿಹಾರ ಮತ್ತು ಸ್ಪಂದನೆಗೆ, ಶೇ 20 ವಿಪತ್ತು ತಗ್ಗಿಸುವ ನಿಧಿಗೆ ಎಂದು ಅದೇ ಆಯೋಗ ಹಂಚಿಕೆ ಮಾಡಿತು. ಮನೆಗೆ ನೀರು ನುಗ್ಗಿದ ಮೇಲೆ ಕೊಡುವ ಪರಿಹಾರ ಮೊದಲ ಪಾಲಿನಿಂದ ಬರುತ್ತದೆ. ನಾವು ಪ್ರತಿಸಲ ಅದನ್ನೇ ಕೇಳಿದ್ದೇವೆ. ಎರಡನೆಯ ಪಾಲಿನಿಂದ ಅಡ್ಡಮೋರಿ ಅಗಲಿಸುವಂಥ ಕೆಲಸಕ್ಕೆ ಪ್ರಸ್ತಾವ ಕಳಿಸಿ ಎಂದು ಕೇಳಬೇಕಾದ ಜಾಗ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು.

ಮೂರನೆಯದು, ಮತ್ತು ನನ್ನ ಮಟ್ಟಿಗೆ ಮುಖ್ಯವಾದದ್ದು, ಸ್ವಂತ ಆದಾಯ. ಮೇಲೆ ಹೇಳಿದ ಅನುದಾನಗಳಲ್ಲಿ ಹೆಚ್ಚಿನವು ಕಟ್ಟುವುದಕ್ಕೆ ಕೊಡುತ್ತವೆ, ಕಟ್ಟಿದ್ದನ್ನು ವರ್ಷವರ್ಷ ನೋಡಿಕೊಳ್ಳುವುದಕ್ಕೆ ಕೊಡುವುದಿಲ್ಲ. ಆಸ್ತಿ ತೆರಿಗೆಯ ಜೊತೆಗೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ, ಭಿಕ್ಷುಕರ ಕರವನ್ನೂ ಕಟ್ಟುತ್ತೇವೆ. ಮಳೆನೀರಿನ ಕಾಲುವೆಗೆಂದು ಹೆಸರಿಟ್ಟ ಸಾಲು ಅದರಲ್ಲಿಲ್ಲ. ಹೊಸ ಕರ ಹಾಕಿರೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಈ ಗುಂಪಿನಿಂದ ನನ್ನನ್ನು ತೆಗೆದುಹಾಕುತ್ತೀರಿ. ಪಾಲಿಕೆಯ ವಾರ್ಷಿಕ ಆಯವ್ಯಯದಲ್ಲಿ ‘ರಾಜಕಾಲುವೆ ವಾರ್ಷಿಕ ನಿರ್ವಹಣೆ’ ಎಂಬ ಪ್ರತ್ಯೇಕ ಲೆಕ್ಕಶೀರ್ಷಿಕೆ, ಅಂದರೆ ಆ ಖರ್ಚಿಗೆಂದೇ ತೆಗೆದಿಟ್ಟ ಸಾಲು ಇರಲಿ, ಆ ಹಣವನ್ನು ಬೇರೆ ಕಾಮಗಾರಿಗೆ ತಿರುಗಿಸದಿರಲಿ ಎಂಬುದಷ್ಟೇ ನಾವು ಕೇಳಬೇಕಾದದ್ದು. ತುರ್ತು ಕಾಮಗಾರಿಯ ಹೆಸರಿನಲ್ಲಿ ಮಳೆ ಬಂದ ಮರುದಿನ ಯಂತ್ರ ತರಿಸುವುದಕ್ಕಿಂತ ಮಾರ್ಚ್‌ನಲ್ಲಿ ಟೆಂಡರ್ ಕರೆದು ಮಾಡಿಸುವುದು ಅಗ್ಗ.

ಮೂರನೇ ಅಡ್ಡರಸ್ತೆಯ ಮೇಷ್ಟ್ರು:
ಹಿಂದೆ ಊರ ಕೆರೆಗೂ ಕಾಲುವೆಗೂ ನೀರುಗಂಟಿ ಎಂಬೊಬ್ಬನಿದ್ದ. ತೂಬು ಎತ್ತುವುದು, ಕೋಡಿ ನೋಡುವುದು, ಕಾಲುವೆಗೆ ಬಿದ್ದ ಮರ ಸರಿಸುವುದು ಅವನ ಹೊಣೆ, ಅದಕ್ಕೆ ರೈತರು ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು. ಲೆಕ್ಕಪರಿಶೋಧಕರು ಹೇಳಿದ ಲೆಕ್ಕಶೀರ್ಷಿಕೆ ಸರಿಯೇ, ಆದರೆ ಈ ಕಾಲುವೆಯ ಇಷ್ಟು ಉದ್ದಕ್ಕೆ ಇಂಥ ಅಧಿಕಾರಿ ಹೊಣೆ ಎಂದು ಹೆಸರಿಸಿ ಬರೆಸಿಕೊಳ್ಳದಿದ್ದರೆ ಹಣ ಬಂದರೂ ಕೆಲಸವಾಗುವುದಿಲ್ಲ. ನಮ್ಮ ಕಾಲುವೆಯ ಮೇಲ್ಭಾಗ ಒಂದು ಕಚೇರಿಯದು, ಕೆಳಭಾಗ ಇನ್ನೊಂದರದು. ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಎರಡೂ ಕಡೆ ಬೇರೆ ಬೇರೆ ಉತ್ತರ ಸಿಗುತ್ತದೆ. 2023ರ ನವೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಬಾಗಿಲಿಗೆ ಹೋಗಿ ಕೇಳಲು ವಾರ್ಡಿನ ಸದಸ್ಯರೂ ಇಲ್ಲದಂತಾಯಿತು.

ವಕೀಲರು, ಮೊದಲನೇ ಅಡ್ಡರಸ್ತೆ:
ಮೇಷ್ಟ್ರ ಮಾತಿಗೆ ಕಾನೂನಿನ ಬಲ ಇದೆ. ಕರ್ನಾಟಕ ಪೌರನಿಗಮಗಳ ಕಾಯ್ದೆ, 1976ರ 58ನೇ ಕಲಂ ಚರಂಡಿಗಳ ನಿರ್ಮಾಣ ಮತ್ತು ನಿರ್ವಹಣೆಯನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. ಹಣವಿಲ್ಲ ಎಂಬ ಉತ್ತರದ ಬಗ್ಗೆಯೂ ತೀರ್ಪಿದೆ. ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ, ಚರಂಡಿಯ ಕೊಳಕಿನಿಂದ ಬೇಸತ್ತ ನಿವಾಸಿಗಳು ಮ್ಯಾಜಿಸ್ಟ್ರೇಟರ ಮುಂದೆ ಹೋದಾಗ ಪುರಸಭೆ ತನ್ನಲ್ಲಿ ಹಣವಿಲ್ಲವೆಂದು ವಾದಿಸಿತು. 1980ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನಲ್ಲಿ, ಶಾಸನಬದ್ಧ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಆ ನೆಪ ನಡೆಯದೆಂದು ಹೇಳಿತು. ಅಂದು ದಂಡಪ್ರಕ್ರಿಯಾ ಸಂಹಿತೆಯ 133ನೇ ಕಲಂ ಅಡಿ ಕೊಟ್ಟಂಥ ಅರ್ಜಿಯನ್ನು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಕೊಡಬಹುದು. ಅದು ಕೊನೆಯ ಹೆಜ್ಜೆಯಾಗಿರಲಿ, ಆದರೆ ಮನವಿಯಲ್ಲಿ ಪ್ರಸ್ತಾಪವಿರಲಿ.

ಅದಕ್ಕೆ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಕಳೆದ ಮೂರು ವರ್ಷ ಈ ಕಾಲುವೆಯ ಹೂಳೆತ್ತಲು ತಯಾರಾದ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲು, ಹೂಳು ಸಾಗಿಸಿದ ಟಿಪ್ಪರ್‌ಗಳ ಲೆಕ್ಕ, ಇಷ್ಟನ್ನು ಕೇಳಬೇಕು. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ ಹಕ್ಕೂ ಅದೇ ಕಾಯ್ದೆಯ 2ನೇ ಕಲಂನಲ್ಲಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮುಂದಿನ ಸಲ ಯಂತ್ರ ಬಂದಾಗ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಮಟ್ಟವನ್ನು ನಮ್ಮ ಎಂಜಿನಿಯರ್ ಅವರ ಎದುರಿನಲ್ಲೇ ಅಳೆಯಲಿ. ತೆಗೆದ ಹೂಳನ್ನು ದಂಡೆಯ ಮೇಲೆಯೇ ಸುರಿದು ಹೋದರೆ ಮೊದಲ ಮಳೆಗೆ ಅದು ಮರಳಿ ಕಾಲುವೆಗೇ ಇಳಿಯುತ್ತದೆ, ಬಿಲ್ಲು ಮಾತ್ರ ಎರಡು ಸಲ ಆಗುತ್ತದೆ.

ಭೂಮಾಪನ ಇಲಾಖೆಯ ನಿವೃತ್ತ ನೌಕರ, ಆರನೇ ಅಡ್ಡರಸ್ತೆ:
ಎಲ್ಲರೂ ಹೂಳಿನ ಬಗ್ಗೆ ಹೇಳಿದಿರಿ, ಅಗಲದ ಬಗ್ಗೆ ಯಾರೂ ಹೇಳಲಿಲ್ಲ. ಹಳೆಯ ಗ್ರಾಮನಕ್ಷೆಯಲ್ಲಿ ಈ ಹಳ್ಳ ಸ್ಪಷ್ಟವಾಗಿ ಇರುತ್ತದೆ. ಸರ್ವೆ ದಾಖಲೆಗಳಲ್ಲಿ ಅದರ ವಿಸ್ತೀರ್ಣವನ್ನು ‘ಬಿ ಖರಾಬು’ ಎಂದು ಬಿಟ್ಟಿರುತ್ತಾರೆ, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಸರ್ಕಾರಿ ಜಾಗ. ಹಳ್ಳ, ಕಾಲುವೆ, ಕೆರೆಗಳು ಸರ್ಕಾರದ ಸ್ವತ್ತೆಂದು 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ನಕ್ಷೆಯ ಪ್ರತಿಯನ್ನೂ, ಸರ್ವೆ ನಂಬರುಗಳ ವಿಸ್ತೀರ್ಣ ತೋರಿಸುವ ಆಕಾರಬಂದನ್ನೂ ತೆಗೆಸಿ, ಸರ್ವೆಯವರಿಂದ ಗಡಿ ಗುರುತಿಸಿ ಕಲ್ಲು ನೆಡಿಸದೆ ತಡೆಗೋಡೆ ಕಟ್ಟಿಸಿದರೆ, ಈಗ ಉಳಿದಿರುವ ಕಿರಿದಾದ ಅಗಲವೇ ಕಾಲುವೆಯ ಅಗಲವೆಂದು ಕಾಂಕ್ರೀಟಿನಲ್ಲಿ ಬರೆದುಕೊಟ್ಟಂತೆ. ನಮ್ಮ ಕಡೆಯ ನೀರು ದಕ್ಷಿಣಕ್ಕೆ ಇಳಿದು ದಳವಾಯಿ ಕೆರೆಯ ದಾರಿಯಾಗಿ ಕಬಿನಿಯ ಕಡೆಗೆ ಹೋಗಬೇಕಾದದ್ದು. ಉತ್ತರದ ಬಡಾವಣೆಗಳ ನೀರು ಕೆಸರೆಯ ಕಡೆಯಿಂದ ಕಾವೇರಿಗೆ. ಕೆಳಗಿನವರ ದಾರಿಯನ್ನು ನಾವು ಕಿರಿದು ಮಾಡಿದರೆ ಅವರೂ ಇಂಥದೇ ಸಭೆ ಕರೆಯಬೇಕಾಗುತ್ತದೆ.

ಕಾಲುವೆ ಬದಿಯ ಮನೆಯವರು:
ಇದು ನಮ್ಮನ್ನೇ ಕುರಿತು ಹೇಳಿದ್ದೆಂದು ಗೊತ್ತಾಗುತ್ತದೆ. ನಮ್ಮ ಗೇಟಿನ ಮುಂದಿನ ಸ್ಲ್ಯಾಬು ಕಾಲುವೆಯ ಮೇಲೆ ಬಂದಿದೆ, ಸರಿ. ಆದರೆ ಬಡಾವಣೆಯ ನಕ್ಷೆಗೆ ಅನುಮೋದನೆ ಕೊಟ್ಟವರು ರಸ್ತೆಯನ್ನೇ ಅಷ್ಟಕ್ಕೆ ಬಿಟ್ಟಿದ್ದಾರೆ. ಅಳತೆಯಾಗಲಿ, ಎಲ್ಲರ ಮನೆಯದೂ ಆಗಲಿ. ಕಲ್ಲು ನಮ್ಮ ಸ್ಲ್ಯಾಬಿನ ಈಚೆ ಬಿದ್ದರೆ ಅದನ್ನು ತೆಗೆಸಿ, ಬೇಕಾದಾಗ ಎತ್ತಿಡಬಹುದಾದ ಕಬ್ಬಿಣದ ಜಾಲರಿ ಹಾಕಿಸಿಕೊಳ್ಳುತ್ತೇವೆ.

ಕೊನೆಯ ಅಡ್ಡರಸ್ತೆಯ ನಿವಾಸಿ:
ಎಂಜಿನಿಯರ್ ಸಾಹೇಬರ ಮಾತನ್ನು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಮ್ಯಾನ್‌ಹೋಲಿನ ವಿಷಯ ಮನವಿಯ ಮೊದಲ ಪುಟದಲ್ಲೇ ಇರಬೇಕು. ಮಳೆನೀರನ್ನು ಗುಡಿಸಿ ಹಾಕಬಹುದು, ಆ ನೀರನ್ನಲ್ಲ.

ಸಂಘದ ಕಾರ್ಯದರ್ಶಿ:
ಒಪ್ಪಿಗೆ. ಮನವಿಯ ಕರಡನ್ನು ವಕೀಲರೂ ಲೆಕ್ಕಪರಿಶೋಧಕರೂ ಸೇರಿ ಶುಕ್ರವಾರದೊಳಗೆ ಬರೆದುಕೊಡುತ್ತಾರೆ. ಒಂದು ಪ್ರತಿ ಪಾಲಿಕೆಯ ಆಯುಕ್ತರಿಗೆ, ಒಂದು ಮೈಸೂರು ಅಭಿವೃದ್ಧಿ ಪ್ರಾಧಿಕಾರಕ್ಕೆ, ಒಂದು ಜಿಲ್ಲಾಧಿಕಾರಿಗಳಿಗೆ. ಮೂರಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬರಬೇಕು. ಮೊದಲ ಪುಟದಲ್ಲಿ ಮ್ಯಾನ್‌ಹೋಲುಗಳ ದುರಸ್ತಿ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೂಳೆತ್ತುವುದು, ಅದಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ, ಹೊಣೆಗಾರ ಅಧಿಕಾರಿಯ ಹೆಸರು ಇರುತ್ತವೆ. ಅಡ್ಡಮೋರಿ ಮತ್ತು ಗಡಿ ಅಳತೆ ಎರಡನೇ ಪುಟದಲ್ಲಿ. ತಡೆಗೋಡೆಯನ್ನು ಅಳತೆಯಾದ ಮೇಲೆ ಕೇಳೋಣ. ಗ್ರಾಮನಕ್ಷೆಯ ಪ್ರತಿಗೆ ಆರನೇ ಅಡ್ಡರಸ್ತೆಯ ಹಿರಿಯರು ಸೋಮವಾರ ಸರ್ವೆ ಕಚೇರಿಗೆ ಹೋಗುತ್ತಾರೆ, ಜೊತೆಗೆ ನಾಲ್ಕನೇ ಅಡ್ಡರಸ್ತೆಯ ಯುವಕರಲ್ಲಿ ಒಬ್ಬರು ಸ್ಕೂಟರ್ ತೆಗೆದುಕೊಂಡು ಬರಬೇಕು. ಸಹಿ ಹಾಕುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉದ್ಯಾನದ ಮಂಟಪಕ್ಕೆ ಬರುವಾಗ ಈ ಸಾಲಿನ ಕಂದಾಯ ರಸೀದಿಯ ನೆರಳಚ್ಚು ಪ್ರತಿಯನ್ನು ತಪ್ಪದೆ ತನ್ನಿ. ಬಾಡಿಗೆದಾರರೂ ಸಹಿ ಹಾಕಬಹುದು, ಅವರ ಮನೆಗೂ ನೀರು ನುಗ್ಗಿದೆ.